ಫೇಸ್ ಬದಲಾದ್ರೆ ನೆಟ್ಟೂ ಬದಲು
ಆರ್.ಟಿ. ನಗರದ ನಮ್ಮ ಹಳೇ ಮನೇಲಿ ವೈಫೈ ಮಹಡಿ ಹತ್ತಲ್ಲ. ಹಾಗಾಗಿ ಕರೆಂಟ್ ವೈರಲ್ಲೇ ಇಂಟರ್ನೆಟ್ ಕಳಿಸೋ ಪವರ್‌ಲೈನ್ ಅಡಾಪ್ಟರ್ ಹಾಕಿದ್ದೀವಿ. ಅದೂ ಕುಂಟ್ತಾನೇ ಇತ್ತು. ಮೊನ್ನೆ ಒಂದು ಫೇಸ್ ಹೋಯ್ತು, ಅಪ್ಪ ಮೀಟರ್ ಬೋರ್ಡಿನ ಸೆಲೆಕ್ಟರ್ ಸ್ವಿಚ್ಚನ್ನ ಟಕ್ ಅಂತ ತಿರುಗಿಸಿದ್ರು. ಮೇಲೆ ನೆಟ್ ಓಡೋಕೆ ಶುರು! ರೂಟರ್ ಒಂದು ಫೇಸಲ್ಲಿ, ಮಹಡಿ ಪ್ಲಗ್ ಇನ್ನೊಂದರಲ್ಲಿ ಇದ್ರೆ ಸಿಗ್ನಲ್ ಸೊರಗುತ್ತೆ; ಸ್ವಿಚ್ ತಿರುಗಿಸಿದ್ಮೇಲೆ ಎರಡೂ ಒಂದೇ ಫೇಸಿಗೆ ಬಂದಿದ್ವು. ಕರೆಂಟು 50 ಹರ್ಟ್ಸ್, ಡೇಟಾ ಹೋಗೋದು ಸುಮಾರು 2ರಿಂದ 30 ಮೆಗಾಹರ್ಟ್ಸ್‌ನಲ್ಲಿ. ಅಡಾಪ್ಟರನ್ನ ಫಿಲ್ಟರ್ ಇರೋ ಸ್ಪೈಕ್ ಬಸ್ಟರ್‌ಗೆ ಚುಚ್ಚಿದ್ರೆ ಅದು ಡೇಟಾ ಸಿಗ್ನಲನ್ನೂ ಗಲಾಟೆ ಅಂತ ನುಂಗಿಬಿಡುತ್ತೆ. ನೇರ ಗೋಡೆ ಸಾಕೆಟ್ಟಿಗೇ ಹಾಕಿ. ಇಷ್ಟಾದ್ರೂ ಚಟ್ನಿಗೆ ಮಿಕ್ಸಿ ತಿರುಗಿದ ಕೂಡ್ಲೇ ಮೇಲಿಂದ ತಂಗಿ ಕೂಗು: "ಅಮ್ಮಾ, ಮೀಟಿಂಗಲ್ಲಿದ್ದೀನಿ!"