ಸ್ಕೆಚ್ ಪೆನ್ನು ಯಾರ ಕೈಯಲ್ಲಿ?

ಹೊಸೂರು, ಡೆಂಕಣಿಕೋಟೆ, ತಳಿ ಕಡೆಯ ಕನ್ನಡ ಶಾಲೆಗಳಿಗೆ ಗುಂಪು ಚಟುವಟಿಕೆ ಹೊಸದೇನಲ್ಲ. 2007-08ರಲ್ಲಿ ತಮಿಳುನಾಡಿನಾದ್ಯಂತ ಎಬಿಎಲ್ ಬಂದಾಗಲೇ ಮಕ್ಕಳು ಏಣಿ, ಕಾರ್ಡು ನೋಡಿಕೊಂಡು ತಮ್ಮ ತಮ್ಮ ಗುಂಪಿನಲ್ಲಿ ಚಾಪೆಯ ಮೇಲೆ ಕೂರಲು ಕಲಿತರು. 2022ರಲ್ಲಿ ಎಣ್ಣುಂ ಎಳುತ್ತುಂ ಬಂದು ಅರುಂಬು, ಮೊಟ್ಟು, ಮಲರ್ ಎಂಬ ಹಂತಗಳಾದವು. ಯಾವ ಮಗು ಯಾವ ಗುಂಪಿಗೆ ಎಂಬುದಕ್ಕೆ ಕ್ರಮವಿದೆ. ಆದರೆ ಗುಂಪಿನೊಳಗೆ ಯಾರ ಮಾತು ನಡೆಯುತ್ತದೆ ಎಂಬುದು ಯಾವ ಕಾರ್ಡಿನಲ್ಲೂ ಬರೆದಿಲ್ಲ. ಅದನ್ನು ನಾವೇ ಕೂತು ನೋಡಬೇಕು.

ಐದನೇ ತರಗತಿಗೆ ಊರಿನ ನಕ್ಷೆ ಬರೆಯುವ ಕೆಲಸ ಕೊಟ್ಟಿದ್ದೆವು. ಆರು ಮಕ್ಕಳ ಗುಂಪು, ಒಂದು ಚಾರ್ಟು, ಒಂದು ಪ್ಯಾಕೆಟ್ ಸ್ಕೆಚ್ ಪೆನ್ನು. ನಾಯಕ ಯಾರೆಂದು ನಾವು ಹೇಳಲಿಲ್ಲ. ಪೆನ್ನು ಮೊದಲು ತೆಗೆದುಕೊಂಡವನೇ ನಾಯಕನಾದ. ಕೆಟ್ಟ ಹುಡುಗನಲ್ಲ, ಓದಿನಲ್ಲಿ ಮುಂದು, ತಮಿಳೂ ಚೆನ್ನಾಗಿ ಬರುತ್ತದೆ. ದೇವಸ್ಥಾನ ಬಂತು, ಅಂಗಡಿ ಬಂತು, ಗುಲಾಬಿ ತೋಟ, ಹೊಸೂರು ಬಸ್ಸು ನಿಲ್ಲುವ ಜಾಗ, ಅವನ ಬೀದಿ ಎಲ್ಲ ಬಂತು. ಹಾಳೆ ತುಂಬಿತು. ಕಾಲೋನಿಗೆ ಜಾಗ ಉಳಿಯಲಿಲ್ಲ.

ಕಾಲೋನಿಯ ಹುಡುಗಿ ಅದೇ ಗುಂಪಿನಲ್ಲಿ ಕೂತು ಗುಲಾಬಿಗೆ ಬಣ್ಣ ತುಂಬುತ್ತಿದ್ದಳು. "ನಿಮ್ಮ ಮನೆ ಎಲ್ಲಮ್ಮ?" ಎಂದು ಕೇಳಿದೆವು. ಹಾಳೆ ದಾಟಿ ನೆಲದ ಮೇಲೆ ಬೆರಳಿಟ್ಟು "ಇಲ್ಲಿ ಬರ್ತದೆ ಸಾರ್" ಎಂದಳು.

ನಕ್ಷೆ ಮತ್ತೆ ಬರೆಯೋಣವೇ, ಬೇಕೆನ್ನುವವರು ಕೈ ಎತ್ತಿ ಎಂದೆವು. ಎಲ್ಲರೂ ಮೊದಲು ನಾಯಕನ ಮುಖ ನೋಡಿದರು. ಅವನು ಎತ್ತಲಿಲ್ಲ, ಯಾರೂ ಎತ್ತಲಿಲ್ಲ. ಆ ಹುಡುಗಿಯೂ ಎತ್ತಲಿಲ್ಲ. ಆಮೇಲೆ ಚೀಟಿ ಕೊಟ್ಟು, ಬೇಕಾದರೆ ಸೊನ್ನೆ, ಬೇಡವಾದರೆ ಗೀಟು ಹಾಕಿ ಎಂದೆವು. ಆರು ಚೀಟಿಯಲ್ಲಿ ನಾಲ್ಕು ಸೊನ್ನೆ! ಅದೇ ಮಕ್ಕಳು, ಅದೇ ಪ್ರಶ್ನೆ. ಕೇಳಿದ ರೀತಿ ಮಾತ್ರ ಬೇರೆ.

ಎರಡನೇ ನಕ್ಷೆಗೆ ಮೂರು ನಿಯಮ ಮಾಡಿಕೊಂಡೆವು. ಪೆನ್ನು ಒಬ್ಬರ ಕೈಯಲ್ಲೇ ಇರಬಾರದು, ಸುತ್ತು ಬರಬೇಕು. ಆರು ಜನವೂ ಒಂದೊಂದು ಮಾತು ಹೇಳುವ ತನಕ ಯಾವುದನ್ನೂ ತೀರ್ಮಾನ ಮಾಡಬಾರದು. ನಾಯಕ ಕೊನೆಗೆ ಮಾತಾಡಬೇಕು. ಮನೆಯಲ್ಲಿ ತೆಲುಗು ಮಾತಾಡುವ ಮಗು ತೆಲುಗಿನಲ್ಲೇ ಹೇಳಲಿ, ಪಕ್ಕದವರು ಕನ್ನಡದಲ್ಲಿ ಹೇಳುತ್ತಾರೆ. ಕೆಲಸ ನಿಧಾನವಾಯಿತು, ಗಲಾಟೆಯೂ ಆಯಿತು. ಆದರೆ ಕಾಲೋನಿ ಬಂತು. ಅಲ್ಲಿಂದ ಶಾಲೆಗೆ ಬರುವ ಕಾಲುದಾರಿ, ದಾರಿಯಲ್ಲಿ ದೀಪವಿಲ್ಲದ ಕಂಬ ಎರಡೂ ಬಂದವು. ಆ ಕಂಬ ನಾಯಕನಿಗೆ ಗೊತ್ತೇ ಇರಲಿಲ್ಲ. ಅದನ್ನು ಬರೆದವನು ಅವನೇ, ಅವಳನ್ನು ಕೇಳಿ ಕೇಳಿ ಬರೆದ.

ನಾಯಕತ್ವ ಬೇಡ ಎಂದು ನಾವು ಹೇಳುತ್ತಿಲ್ಲ. ಯಾರೂ ಮುಂದೆ ಬರದಿದ್ದರೆ ಚಾರ್ಟು ಖಾಲಿಯೇ ಉಳಿಯುತ್ತದೆ. ಗೊತ್ತಿರುವವರನ್ನು ಕೇಳಿ ಬರೆಯುವುದನ್ನು ನಾಯಕ ಕಲಿಯಬೇಕು ಅಷ್ಟೆ. ನಮ್ಮ ಊರುಗಳಲ್ಲಿ ಜನವರಿ 26, ಮೇ 1, ಆಗಸ್ಟ್ 15, ಅಕ್ಟೋಬರ್ 2 ಎಂದು ಗ್ರಾಮಸಭೆ ಕೂಡುತ್ತದೆ. ದೀಪ, ನೀರು, ರಸ್ತೆಯ ಮಾತು ಬರುವುದು ಅಲ್ಲೇ. ಈ ಆರು ಮಕ್ಕಳೂ ಮುಂದೆ ಅಲ್ಲಿ ಕೂರುವವರು. ಯಾರದೋ ಮುಖ ನೋಡಿ ಕೈ ಎತ್ತುವ ಅಭ್ಯಾಸ ಐದನೇ ತರಗತಿಯಲ್ಲೇ ಬಿಟ್ಟರೆ ಒಳ್ಳೆಯದು.

ಶಿಕ್ಷಕ ಮಿತ್ರರೇ, ಮುಂದಿನ ಗುಂಪು ಚಟುವಟಿಕೆಯಲ್ಲಿ ಉತ್ತರ ನೋಡುವ ಮೊದಲು ಪೆನ್ನು ಯಾರ ಕೈಯಲ್ಲಿದೆ ನೋಡಿ. ಚೀಟಿಯ ಪ್ರಯೋಗವನ್ನೂ ಒಮ್ಮೆ ಮಾಡಿ.