ಮನೆತನದ ಹೆಸರಿನ ಹಾಕಿ

ಚಿತ್ರದುರ್ಗದಲ್ಲಿ ನಾವು, ಹಿರಿಯೂರಿನಲ್ಲಿ ಅಣ್ಣ, ಹೊಸದುರ್ಗದಲ್ಲಿ ಚಿಕ್ಕಪ್ಪ, ಹೊಳಲ್ಕೆರೆಯಲ್ಲಿ ದೊಡ್ಡಪ್ಪನ ಮಕ್ಕಳು. ಹೀಗೆ ಒಂದೇ ಜಿಲ್ಲೆಯೊಳಗೆ, ಬೆಳಗಿನ ಬಸ್ಸು ಹಿಡಿದರೆ ಮಧ್ಯಾಹ್ನದ ಊಟದ ಹೊತ್ತಿಗೆ ತಲಪುವಷ್ಟು ದೂರದಲ್ಲಿ ನಮ್ಮ ಮನೆತನ ಚದುರಿಕೊಂಡಿದೆ. ಆದರೂ ನಾವು ಒಂದೆಡೆ ಸೇರುವುದು ಮದುವೆಗೆ, ಇಲ್ಲವೇ ಸಾವಿಗೆ. ಈಚೆಗೆ ಅದಕ್ಕೂ ಎಲ್ಲರೂ ಬರುತ್ತಿಲ್ಲ.

ಕೆನಡಾ ದೇಶದ ಸಣ್ಣ ಊರುಗಳಲ್ಲಿ ಹುಡುಗರು ಮಂಜುಗಡ್ಡೆಯ ಮೇಲೆ ಹಾಕಿಯಾಡುವರೆಂದೂ ಊರಿಗೆ ಊರೇ ಬಂದು ಅವರನ್ನು ಹುರಿದುಂಬಿಸುವುದೆಂದೂ ಎಲ್ಲಿಯೋ ಓದಿದ ನನ್ನ ಮಗ, "ನಮ್ಮಲ್ಲೇಕೆ ಊರಿಗೊಂದು ತಂಡವಿಲ್ಲ?" ಎಂದು ಕೇಳಿದ. ಊರಿಗೊಂದಲ್ಲ, ಮನೆತನಕ್ಕೊಂದು ತಂಡವಿರುವ ನಾಡು ನಮ್ಮ ರಾಜ್ಯದಲ್ಲಿಯೇ ಉಂಟೆಂದು ಹೇಳಿ, 2024ರ ಏಪ್ರಿಲ್ ತಿಂಗಳಲ್ಲಿ ಅವನನ್ನು ಕೊಡಗಿಗೆ ಕರೆದೊಯ್ದೆ.

ಹೊಳಲ್ಕೆರೆಯ ಅಡಕೆ ತೋಟಗಳನ್ನೂ ಹೊಸದುರ್ಗದ ತೆಂಗಿನ ಸಾಲುಗಳನ್ನೂ ಹಿಂದಿಟ್ಟು, ಅರಸೀಕೆರೆ, ಹಾಸನಗಳ ಮೇಲೆ ಸಾಗಿದ ನಮಗೆ ಕಾಫಿ ತೋಟಗಳ ನೆರಳು ಸಿಕ್ಕಿದಾಗ, ದುರ್ಗದ ಕಾದ ಬಂಡೆಗಳ ನಡುವೆ ಬೆಳೆದ ಕಣ್ಣುಗಳಿಗೆ ತಂಪೆರೆದಂತಾಯಿತು. ಮಡಿಕೇರಿಯಿಂದ ಇಳಿಯುತ್ತಾ ಹೋದರೆ ನಾಪೋಕ್ಲು. ಅಲ್ಲಿಯ ಮೈದಾನದಲ್ಲಿ ಆ ವರ್ಷದ ಕೊಡವ ಕುಟುಂಬಗಳ ಹಾಕಿ ಹಬ್ಬ.

ಸೈನ್ಯ ಮತ್ತು ಹಾಕಿ, ಇವೆರಡೂ ಕೊಡವರಿಗೆ ಮನೆಯ ಮಾತು. 1972ರ ಮ್ಯೂನಿಕ್ ಒಲಿಂಪಿಕ್ಸಿನಲ್ಲಿ ಕಂಚು ಗೆದ್ದ ತಂಡದ ಎಂ. ಪಿ. ಗಣೇಶ್, 1980ರಲ್ಲಿ ಮಾಸ್ಕೋದಿಂದ ಚಿನ್ನ ತಂದ ತಂಡದ ಎಂ. ಎಂ. ಸೋಮಯ್ಯ, ಇಬ್ಬರೂ ಈ ಜನಾಂಗದವರು. ಆದರೆ ಈ ಹಬ್ಬವು ಪದಕಕ್ಕಾಗಿ ಹುಟ್ಟಿದ್ದಲ್ಲ. ಬ್ಯಾಂಕ್ ನೌಕರಿಯಿಂದ ನಿವೃತ್ತರಾಗಿದ್ದ ಪಾಂಡಂಡ ಕುಟ್ಟಪ್ಪನವರು, ನೌಕರಿ ವ್ಯಾಪಾರಗಳ ಬೆನ್ನುಹತ್ತಿ ದೂರದೂರಿಗೆ ಹಂಚಿಹೋಗುತ್ತಿದ್ದ ಕುಟುಂಬಗಳನ್ನು ಒಂದುಗೂಡಿಸಬೇಕೆಂದು 1997ರಲ್ಲಿ ಕರಡ ಗ್ರಾಮದಲ್ಲಿ ಇದನ್ನು ಆರಂಭಿಸಿದರು. ಆ ವರ್ಷ ಆಡಿದವು 60 ಕುಟುಂಬಗಳು. ಅಲ್ಲಿಂದೀಚೆಗೆ ವರ್ಷಕ್ಕೊಂದು ಕುಟುಂಬ ಆತಿಥ್ಯವನ್ನು ಹೊರುತ್ತದೆ; ಆ ಕುಟುಂಬದ ಹೆಸರೇ ಪಂದ್ಯಾವಳಿಯ ಹೆಸರು. ನಾವು ನೋಡಿದ್ದು ಕುಂಡ್ಯೋಳಂಡ ಕುಟುಂಬದ ಹಬ್ಬ. ಅದರಲ್ಲಿ 360 ತಂಡಗಳು ಸೇರಿ ಗಿನ್ನೆಸ್ ದಾಖಲೆಯೇ ಆಯಿತು.

ತಂಡ ಕಟ್ಟುವ ನಿಯಮ ಸರಳವಾದುದು. ಒಂದೇ 'ಒಕ್ಕ', ಅಂದರೆ ಒಂದೇ ಮನೆತನದವರು ಒಂದು ತಂಡ. ವಯಸ್ಸಿನ ಅಡ್ಡಿಯಿಲ್ಲ, ಹೆಣ್ಣು ಗಂಡೆಂಬ ಭೇದವೂ ಇಲ್ಲ. ನಮ್ಮ ಕಣ್ಣೆದುರಿಗೇ ಒಂದು ತಂಡದಲ್ಲಿ ತಲೆ ನರೆತ ಹಿರಿಯರೊಬ್ಬರು ಚೆಂಡನ್ನು ತಡೆದು, ತಮ್ಮ ಎದೆಯೆತ್ತರಕ್ಕೂ ಬಾರದ ಹುಡುಗನಿಗೆ ತಳ್ಳಿದರು. ಅವನು ಹೊಡೆದ ಹೊಡೆತ ಗೋಲಿನ ಪಕ್ಕಕ್ಕೆ ಹಾದುಹೋಯಿತು. ಯಾರೂ ಗದರಲಿಲ್ಲ. ಎಲ್ಲರ ಅಂಗಿಯ ಮೇಲೂ ಒಂದೇ ಹೆಸರಿರುವಾಗ, ತಪ್ಪಿದವನನ್ನು ಮುಂದಿನ ಪಂದ್ಯಕ್ಕೆ ಬಿಟ್ಟುಬಿಡುವುದು ಸುಲಭವಲ್ಲ! ಆ ತಂಡ ಸೋತಿತು. ಸೋತವರು ಮರದ ನೆರಳಿನಲ್ಲಿ ಬುತ್ತಿ ಬಿಚ್ಚಿ, ಸಂಜೆಯವರೆಗೂ ಹರಟೆ ಹೊಡೆಯುತ್ತಿದ್ದರು.

ಈ ಹಬ್ಬಕ್ಕೂ ಕಷ್ಟಕಾಲ ತಪ್ಪಲಿಲ್ಲ. 2018ರ ಮಳೆಗಾಲದಲ್ಲಿ ಕೊಡಗಿನ ಗುಡ್ಡಗಳು ಕುಸಿದವು. ಮುಂದೆ ಕೋವಿಡ್ ಬಂದಿತು. ನಾಲ್ಕು ವರ್ಷ ಆಟ ನಿಂತಿತ್ತು. ಆ ನಡುವೆ, 2020ರಲ್ಲಿ, ಕುಟ್ಟಪ್ಪನವರೂ ತೀರಿಕೊಂಡರು. ಆದರೆ 2023ರಲ್ಲಿ ಮತ್ತೆ ಶಿಳ್ಳೆ ಊದಿದಾಗ 336 ಕುಟುಂಬಗಳು ಬಂದು ನಿಂತವು.

ಹಿಂದಿರುಗುವಾಗ ಬಸ್ಸಿನಲ್ಲಿ ಮಗ ಟಿಪ್ಪಣಿ ಪುಸ್ತಕ ತೆರೆದು ನಮ್ಮ ಮನೆತನದ ತಂಡವನ್ನು ಬರೆಯತೊಡಗಿದ. ಹೊಸದುರ್ಗದ ಚಿಕ್ಕಪ್ಪನವರನ್ನು ಗೋಲಿನಲ್ಲಿ ನಿಲ್ಲಿಸಿ, ಹಿರಿಯೂರಿನ ಅಣ್ಣನ ಹೆಣ್ಣುಮಕ್ಕಳನ್ನೂ ಸೇರಿಸಿದರೂ ಒಂಬತ್ತಕ್ಕೆ ನಿಂತಿತು. ಉಳಿದವರು ಹೊಳಲ್ಕೆರೆಯವರು. ಆಸ್ತಿ ಪಾಲಾದಂದಿನಿಂದ ನಮ್ಮೊಡನೆ ಮಾತು ಬಿಟ್ಟವರು.

ಮಗ ಲೇಖನಿ ಹಿಡಿದು ನನ್ನ ಮುಖ ನೋಡಿದ.

"ಬರೆ" ಎಂದೆ.