ಮಳಲ ದಿಬ್ಬದ ಗೂಡು

ಬೇಸಿಗೆಯಲ್ಲಿ ಕೃಷ್ಣೆಯ ದಡದಲ್ಲಿ ನಿಂತು ನೋಡಿದ್ದೀರಾ? ನೀರಿಳಿದಾಗ ಮೇಲೇಳುವ ಮಳಲ ದಿಬ್ಬಗಳಲ್ಲಿ, ಕರಿನೆತ್ತಿಯ, ಹಳದಿ ಕೊಕ್ಕಿನ ನದಿರೀವವೆಂಬ ಹಕ್ಕಿಯು ಬರಿಯ ಕುಳಿಯಲ್ಲಿಯೇ ಮೊಟ್ಟೆಯಿಡುತ್ತದೆ. ಹೊಳೆಯು ಏರದೆಂಬ ನಂಬಿಕೆಯೇ ಅದರ ಗೂಡು.

ಒಮ್ಮೆ ಅಂಥ ಮೂರು ಮೊಟ್ಟೆಗಳನ್ನು ಕಂಡು ಬಂದೆನು. ಮರುದಿನ ದಿಬ್ಬವು ಮುಳುಗಿತ್ತು; ತಾಯಿಹಕ್ಕಿಯು ಅಲ್ಲಿಯೇ ಸುತ್ತುತ್ತಿತ್ತು. ಯಾರನ್ನು ದೂರಲಿ? ಕಟ್ಟಿದ ನೀರಿನ ಅನ್ನವನ್ನುಂಡವನು ನಾನೂ. 1982ರಲ್ಲಿ ಮುಗಿದ ನಾರಾಯಣಪುರದ ಬಸವಸಾಗರವು ಶಹಾಪುರ, ಸುರಪುರಗಳ ಒಣಹೊಲಗಳಿಗೆ ಹಸಿರು ತಂದಿತು.

ಕಟ್ಟಿದ ನೀರೆಲ್ಲವೂ ಹಕ್ಕಿಗೆ ವೈರಿಯಲ್ಲ. ಸುರಪುರದ ಅರಸರು ಕಟ್ಟಿಸಿ, ಮೆಡೋಸ್ ಟೇಲರನು ವಿಸ್ತರಿಸಿದ ಬೋನಾಳದ ಕೆರೆಯು ಇಂದು ಪಕ್ಷಿಧಾಮವಾಗಿದೆ. ಕೆರೆಯು ಮಳೆಯೊಡನೆ ತುಂಬಿ ಬಿಸಿಲೊಡನೆ ಇಳಿಯುತ್ತದೆ. ಹಕ್ಕಿಗೆ ಆ ಲೆಕ್ಕ ತಿಳಿದಿದೆ. ಆದರೆ ವಿದ್ಯುತ್ತಿಗಾಗಿ ಹೊತ್ತುಹೊತ್ತಿಗೆ ನೀರನ್ನು ತಡೆದು ಬಿಡುವಲ್ಲಿ, ಅದು ದೊಡ್ಡ ನದಿಯಾಗಲಿ, ಮಲೆನಾಡಿನ ಕಿರುತೊರೆಯಾಗಲಿ, ಆ ಲೆಕ್ಕವು ತಪ್ಪುತ್ತದೆ.

ಮಾರ್ಚಿಯಿಂದ ಮೇ ತಿಂಗಳವರೆಗೆ ಮೊಟ್ಟೆಯ ಕಾಲ. ಆಗ ದಿಬ್ಬಗಳು ಮುಳುಗದಂತೆ ನೀರನ್ನು ಒಂದೇ ಹದದಲ್ಲಿ ಹರಿಸುವುದೂ ದಾಸೋಹವೇ. ಹಸಿದು ಬಂದವರಿಗೆ ಅನ್ನವಿಕ್ಕುವ ನಾವು, ಮರಿಮಾಡುವ ಹಕ್ಕಿಗೆ ಒಂದು ಹಿಡಿ ಒಣಮಳಲನ್ನು ಬಿಟ್ಟುಕೊಡಲಾರೆವೇ?